ಎರಡು, ಎರಡು, ಒಂದು

ವಸಂತನರಸಾಪುರದ ಗೇಟಿನಲ್ಲಿ ಹೆಸರು ಬರೆಸಿಕೊಂಡರು,
ಮೊಬೈಲ್ ಇಟ್ಟುಕೊಂಡರು, ಕಾಲಿಗೆ ನೀಲಿ ಚೀಲ ತೊಡಿಸಿದರು.
ಮೂವತ್ತೊಂದು ವರ್ಷ ಚಪ್ಪಲಿ ಹೊರಗೆ ಬಿಟ್ಟು
ಕಂಡಕಂಡವರ ಪಡಸಾಲೆಗೆ ಕಾಲಿಟ್ಟವನು ನಾನು,
ಹೆಗಲಲ್ಲಿ ಗಾಜಿನ ಪಟ್ಟಿಗಳ ಡಬ್ಬಿ,
ಸ್ಪಿರಿಟ್ಟಿನಲ್ಲಿ ನೆನೆದ ಹತ್ತಿ, ಒಂದು ಸೂಜಿ.
ಸೈಕಲ್ ಬೆಲ್ ಕೇಳಿದರೆ ಸಾಕು,
ಹಟ್ಟಿಯ ಮಕ್ಕಳೆಲ್ಲ ಬಣವೆ ಹಿಂದೆ.

ಒಳಗೆ ಬಾಗಿಲ ಮೇಲೆ: ಡಾ. ಕೆ. ಕ್ಯಾತಮ್ಮ.
"ಗುರ್ತು ಸಿಕ್ತಾ ಸಾರ್?" ಎಂದು ಎಡಗೈ ಚಾಚಿದಳು,
ಉಂಗುರದ ಬೆರಳು ಮುಂದೆ ಮಾಡಿ.
ಸಿಕ್ಕಿತು.
ಕಳ್ಳಂಬೆಳ್ಳ ಕೆರೆ ಕೋಡಿ ಬಿದ್ದ ವರ್ಷ,
ಗೊಲ್ಲರಹಟ್ಟಿಯಲ್ಲಿ ಮನೆಗೊಬ್ಬರು
ಕಂಬಳಿ ಹೊದ್ದು ನಡುಗಿದ ಕಾರ್ತೀಕ.
ಇವಳಿಗೆ ಎಂಟು. ಹಲ್ಲು ಕಟಕಟ.
"ಇವತ್ತು ಎರಡು, ನಾಳೆ ಎರಡು, ನಾಡಿದ್ದು ಒಂದು"
ಎಣಿಸಿಕೊಟ್ಟೆ ಬಿಳಿ ಮಾತ್ರೆ.
ಎರಡನ್ನೂ ಬಾಯಿಗೆ ಹಾಕಿದಳು, ನೀರು ಕುಡಿದಳು, ಆ ಎಂದಳು.
ನಾಲಿಗೆ ಎತ್ತು ಅನ್ನಲಿಲ್ಲ ನಾನು.
ಇನ್ನೂ ಹದಿನೇಳು ಮನೆ ಇತ್ತು, ಹೊತ್ತು ಇಳಿದಿತ್ತು.
ಸೈಕಲ್ ತಿರುಗಿಸುವಾಗ ಕಂಡೆ:
ಹಿತ್ತಿಲ ಹಾಗಲ ಬಳ್ಳಿಯ ಬುಡಕ್ಕೆ, ಥೂ.
ಕಾಣಲಿಲ್ಲ ಎಂದುಕೊಂಡೆ.
ವಹಿಯಲ್ಲಿ ಹೆಸರಿನ ಮುಂದೆ ಟಿಕ್ಕು ಹಾಕಿದೆ: ನುಂಗಿದ್ದಾಳೆ.

ಈಗ ಅವಳು ಬಿಳಿ ಹಲಗೆಯ ಮೇಲೆ ಗುಂಡಗೆ ಬರೆದಳು.
"ಇದು ರಕ್ತದ ಕಣ. ಒಳಗೆ ಕೂತ ಹುಳಕ್ಕೂ ಒಂದು ಹೊಟ್ಟೆ ಐತೆ.
ನಮ್ಮ ರಕ್ತ ಉಣ್ಣುತ್ತೆ. ಉಂಡದ್ದರಲ್ಲಿ ಕಬ್ಬಿಣದ ವಿಷ ಉಳಿಯುತ್ತೆ,
ಅದನ್ನ ಹರಳು ಕಟ್ಟಿ ಮೂಲೆಗೆ ಒಟ್ಟುತ್ತೆ.
ನಿಮ್ಮ ಮಾತ್ರೆ ಹರಳು ಕಟ್ಟೋಕೆ ಬಿಡ್ತಿರಲಿಲ್ಲ,
ಉಂಡದ್ದೇ ಅದಕ್ಕೆ ಮುಳುವು.
ಆಮೇಲೆ ಏನಾಯ್ತು ಗೊತ್ತಾ? ಹೊಟ್ಟೇಲಿ ಒಂದು ಕಿಂಡಿ ಮಾಡ್ಕೊಂತು.
ಮದ್ದು ಒಳಗೆ ಬಂದ ಹಾಗೇ, ಥೂ, ಆಚೆಗೆ."
ನಕ್ಕಳು. "ನಂದೇ ಬುದ್ಧಿ."

ನಾನು ನಗಲಿಲ್ಲ. ನನ್ನ ವಹಿಗಳ ಟಿಕ್ಕುಗಳು
ಇರುವೆ ಸಾಲಿನಂತೆ ಆ ಹಲಗೆ ಹತ್ತಿದವು.
ಅರ್ಧ ನುಂಗಿದವರು,
ಮೂರನೇ ದಿನದ್ದನ್ನು ಮುಂದಿನ ಜ್ವರಕ್ಕಿರಲಿ ಎಂದು
ಅರಿಸಿನದ ಡಬ್ಬಿಯಲ್ಲಿ ಮುಚ್ಚಿಟ್ಟವರು,
ಎಲ್ಲರನ್ನೂ ಗುಣವಾದವರ ಪಟ್ಟಿಗೆ ಸೇರಿಸಿದ ಕೈ ಇದು.
ಅರೆಮದ್ದು ಉಂಡ ಹುಳ ಸಾಯಲಿಲ್ಲ, ಪಾಠ ಕಲಿಯಿತು.

ಹೊಸ ಮದ್ದೇ ಹುಡುಕಬಾರದಾ ಎಂದೆ.
"ಕೊಡಲಿ ಚೆನ್ನಾಗೇ ಐತೆ ಸಾರ್, ಕಾವು ಬದಲಾಯಿಸ್ಬೇಕು."
ಆ ಹಳೆಯ ಅಣುವಿನ ತುದಿಗೆ ಉದ್ದನೆಯ ಬಾಲ ಎಳೆದಳು,
ಬಾಲದ ಕೊನೆಗೆ ಎರಡು ಷಟ್ಕೋನ:
ಕಿಂಡಿಗೆ ಅಡ್ಡ ಬೀಳುವ ಅಗುಳಿ.
ಉಗುಳಹೋದರೆ ಗಂಟಲಲ್ಲೇ ನಿಲ್ಲಬೇಕು.

ನೂರ ಎಂಬತ್ತಾರು ಬಾಲ ಕಟ್ಟಿದ್ದಾಳಂತೆ.
ಕೆಲವು ನೀರಲ್ಲಿ ಕರಗಲಿಲ್ಲ.
ಕೆಲವು ಇಲಿಯ ಮೈಯಲ್ಲಿ ಒಂದೇ ಗಂಟೆಗೆ ಚೂರಾದವು.
ಒಂದು, ಗಾಜಿನ ತಟ್ಟೆಯ ಹುಳವನ್ನೆಲ್ಲ ಕೊಂದಿತು,
ಆಮೇಲೆ ಇಲಿಯ ಗುಂಡಿಗೆಯನ್ನೂ ನಿಲ್ಲಿಸಿತು;
ಅದನ್ನು ಹೇಳುವಾಗ ಮೇಜಿನ ಮೇಲೆ ನೆಟ್ಟಗೇ ಇದ್ದ ಪೆನ್ನನ್ನು
ಇನ್ನೊಮ್ಮೆ ನೆಟ್ಟಗೆ ಮಾಡಿದಳು.
ನೂರ ಎಂಬತ್ತೇಳು ಸೀಸೆಯಲ್ಲಿದೆ, ಚಿಟಿಕೆಯಷ್ಟು,
ಹುರಿಗಡಲೆ ಹಿಟ್ಟಿನ ಬಣ್ಣ.

"ಕಹಿ ಹೋಯಿತಾ?"
"ರುಚಿ ನೋಡೋ ಹಾಗಿಲ್ಲ ಸಾರ್. ಕಹಿಯೇ ಇರುತ್ತೆ."
ತಡೆದು, ಸೀಸೆಯ ಮುಚ್ಚಳ ಬಿಗಿ ಮಾಡುತ್ತ,
"ನೀವು ಅವತ್ತು ನೋಡಿದ್ರಿ ಅಲ್ವಾ?"

ಯಂತ್ರವೊಂದು ಬಾಟಲಿಗಳನ್ನು ಅಲ್ಲಾಡಿಸುತ್ತಲೇ ಇತ್ತು.
ನೋಡಿದ್ದೆ ಎಂದೆ.

ಗೇಟಿನಲ್ಲಿ ಹೊರಟ ಹೊತ್ತು ಬರೆದೆ.
ಬಂದ ಕೆಲಸ ಆಯಿತೇ ಎಂಬ ಕಲಂ ಖಾಲಿ ಇತ್ತು.
"ಒಂದು ಟಿಕ್ಕು ಹಾಕ್ಬಿಡಿ ಯಜಮಾನ್ರೇ," ಎಂದ ಕಾವಲಿನ ಹುಡುಗ.
ಪೆನ್ನು ಹಿಡಿದು ನಿಂತೆ,
ಹಿಂದೆ ಲಾರಿ ಹಾರನ್ ಬಾರಿಸುತ್ತಿದ್ದರೂ.